ಕಡಲೊಳಗೆ ಕ್ಯಾಮೆರಾ, ಉಂಗುರದ ಮೇಲೊಂದು ಕೂದಲು

ನಮ್ಮ ನಂದಿನಿ ಲೇಔಟ್‌ಗೆ ಕಂಠೀರವ ಸ್ಟುಡಿಯೋ ಹತ್ತಿರ. ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ಸಮಾಧಿಗಳಿರುವ ಆ ಆವರಣಕ್ಕೆ ಊರೂರಿನಿಂದ ಜನ ಬರುತ್ತಾರೆ. ಪುನೀತ್ ಕಾಣಿಸಿಕೊಂಡಿರುವ ‘ಗಂಧದ ಗುಡಿ’ ಸಾಕ್ಷ್ಯಚಿತ್ರ 2022ರ ಅಕ್ಟೋಬರ್ 28ರಂದು ತೆರೆಕಂಡಿತು. ಕಾಡು, ನದಿ, ಪ್ರಾಣಿಗಳ ಜತೆಗೆ ಕಡಲೊಳಗಿನ ದೃಶ್ಯಗಳೂ ಅದರಲ್ಲಿವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಪುನೀತ್, ಮೀನುಗಳ ನಡುವೆ ಈಜುತ್ತಾರೆ. ಅದನ್ನು ನೋಡಿದ ಮಕ್ಕಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: ‘ತಾತ, ಅಣ್ಣಾವ್ರ ಮಗ ಒದ್ದೆಯಾದ್ರು ಸರಿ, ಕ್ಯಾಮೆರಾ ಯಾಕೆ ಒದ್ದೆಯಾಗಲಿಲ್ಲ?’

ಒಳ್ಳೆಯ ಪ್ರಶ್ನೆ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದ ನನಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ನಮ್ಮ ಅಳಿಯನಿಗೆ ಡೈವಿಂಗ್ ಹವ್ಯಾಸ. ಹೊರಡುವ ಮುನ್ನ ಕ್ಯಾಮೆರಾದ ಪೆಟ್ಟಿಗೆಯನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಪರೀಕ್ಷಿಸುವ ಕೆಲಸದಲ್ಲಿ ನಾನೂ ಕೂರುತ್ತೇನೆ. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಒಬ್ಬರು ಎಣಿಸಿದ ನೋಟನ್ನು ಇನ್ನೊಬ್ಬರು ಎಣಿಸಬೇಕು. ಈ ಪೆಟ್ಟಿಗೆಗೂ ಅದೇ ಕ್ರಮ ಬೇಕು.

ಕ್ಯಾಮೆರಾದ ಅಂಗಿ

ನೀರಿಗಿಳಿಯುವ ಕ್ಯಾಮೆರಾವನ್ನು ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಪೆಟ್ಟಿಗೆಯೊಂದರಲ್ಲಿ ಇಡುತ್ತಾರೆ. ಇದಕ್ಕೆ ಹೌಸಿಂಗ್ ಎಂದು ಹೆಸರು. ಮುಂದೆ ಮಸೂರಕ್ಕೆ ಗಾಜಿನ ಕಿಟಕಿ, ಹಿಂದೆ ತೆರೆಯುವ ಬಾಗಿಲು, ಸುತ್ತ ಗುಂಡಿಗಳು. ಬಾಗಿಲು ಮತ್ತು ಪೆಟ್ಟಿಗೆ ಸೇರುವ ಅಂಚಿನಲ್ಲಿ ಸಣ್ಣ ತೋಡು. ಆ ತೋಡಿನಲ್ಲಿ ಬಳೆಯಂಥ ರಬ್ಬರ್ ಉಂಗುರ. ಅದೇ ಓ-ರಿಂಗ್. ಬಾಗಿಲು ಮುಚ್ಚಿದಾಗ ಉಂಗುರ ಸ್ವಲ್ಪ ಅಮುಕಿಕೊಂಡು ಸಂದನ್ನು ತುಂಬುತ್ತದೆ. ಪ್ರತಿ ಗುಂಡಿಯ ಕಡ್ಡಿಯ ಸುತ್ತಲೂ ಇಂಥದೇ ಪುಟ್ಟ ಉಂಗುರಗಳಿರುತ್ತವೆ. ಸಾವಿರಾರು ರೂಪಾಯಿಯ ಕ್ಯಾಮೆರಾ ಒಣಗಿರುವುದು ಈ ಅಗ್ಗದ ಉಂಗುರಗಳ ದಯೆಯಿಂದ.

ಈ ಓ-ರಿಂಗ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸನ್. 1937ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 72 ವರ್ಷ. ನನ್ನ ವಯಸ್ಸಿನವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬಹುದು! 1939ರಲ್ಲಿ ಪೇಟೆಂಟ್ ದೊರೆಯಿತು. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಅದು ವ್ಯಾಪಕವಾಗಿ ಬಳಕೆಯಾಯಿತು. ಈಗ ನಲ್ಲಿಯಿಂದ ರಾಕೆಟ್‌ವರೆಗೆ ಎಲ್ಲೆಲ್ಲೂ ಇದೆ. ಅದು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಜಗತ್ತು 1986ರ ಜನವರಿ 28ರಂದು ಕಂಡಿತು. ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ತೀರಿಕೊಂಡರು. ಚಳಿಗೆ ಬಿರುಸಾದ ಓ-ರಿಂಗ್ ಸಂದನ್ನು ಮುಚ್ಚಲಾರದೆ ಹೋದದ್ದೇ ಕಾರಣ. ವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯಲ್ಲಿ ಅದರ ರಬ್ಬರ್ ತುಂಡೊಂದನ್ನು ಐಸ್ ನೀರಿನ ಲೋಟದಲ್ಲಿ ಅದ್ದಿ, ಅದು ಬೇಗನೆ ಮೊದಲ ಆಕಾರಕ್ಕೆ ಮರಳುವುದಿಲ್ಲ ಎಂದು ತೋರಿಸಿದರು.

ಮೂರು ಮೂಟೆ ಅಕ್ಕಿ

ಈಗ ಸ್ವಲ್ಪ ಲೆಕ್ಕ. ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ.ಯಷ್ಟು ಒತ್ತುತ್ತಿರುತ್ತದೆ. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಅಷ್ಟೇ ಒತ್ತಡ ಮತ್ತೆ ಸೇರುತ್ತದೆ. ಹೌಸಿಂಗ್‌ನ ಬಾಗಿಲು 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಎಂದುಕೊಳ್ಳಿ. ವಿಸ್ತೀರ್ಣ 150 ಚದರ ಸೆಂ.ಮೀ. ಹತ್ತು ಮೀಟರ್ ಆಳದಲ್ಲಿ ಆ ಬಾಗಿಲಿನ ಮೇಲೆ ನೀರಿನ ಒತ್ತು ಸುಮಾರು 150 ಕೆ.ಜಿ. ಐವತ್ತು ಕೆ.ಜಿ.ಯ ಮೂರು ಮೂಟೆ ಅಕ್ಕಿ! ಇಪ್ಪತ್ತು ಮೀಟರ್‌ನಲ್ಲಿ ಆರು ಮೂಟೆ.

ಹಾಗಾದರೆ ಆಳಕ್ಕೆ ಹೋದಷ್ಟೂ ಸೋರುವುದು ಜಾಸ್ತಿಯೇ? ಇಲ್ಲೇ ಇರುವುದು ಸ್ವಾರಸ್ಯ. ಒಳಮುಚ್ಚಳದ ಪ್ರೆಷರ್ ಕುಕ್ಕರ್ ನೋಡಿದ್ದೀರಲ್ಲ? ಒಲೆ ಹಚ್ಚಿದ ಹೊಸತರಲ್ಲಿ ಅಂಚಿನಿಂದ ಸ್ವಲ್ಪ ಹಬೆ ಹೊರಬರುತ್ತದೆ. ಒತ್ತಡ ಏರಿದಂತೆ ಮುಚ್ಚಳ ಗ್ಯಾಸ್ಕೆಟ್‌ಗೆ ಒತ್ತಿಕೊಂಡು ಬಿಗಿಯಾಗುತ್ತದೆ. ಹೌಸಿಂಗ್ ಕೂಡ ಹಾಗೆಯೇ. ಆಳದಲ್ಲಿ ನೀರೇ ಬಾಗಿಲನ್ನು ಉಂಗುರದ ಮೇಲೆ ಅದುಮಿ ಹಿಡಿಯುತ್ತದೆ. ಮೇಲ್ಗಡೆ ಒಂದೆರಡು ಮೀಟರ್‌ನಲ್ಲಿ, ದೋಣಿಯ ತೊಟ್ಟಿಯಲ್ಲಿ, ನೀರಿಗೆ ಹಾರಿದ ಕ್ಷಣದಲ್ಲಿ ಆ ಸಹಾಯ ಇರುವುದಿಲ್ಲ. ಆದ್ದರಿಂದ ಸರಿಯಾಗಿ ಮುಚ್ಚದ ಹೌಸಿಂಗ್ ಹೆಚ್ಚಾಗಿ ಮೇಲೆಯೇ ಸೋರಲು ಶುರುವಾಗುತ್ತದೆ.

ಅದಕ್ಕೆ ಕಾರಣ ಸಾಮಾನ್ಯವಾಗಿ ಉಂಗುರದ ಮೇಲೆ ಕುಳಿತ ಒಂದು ಕೂದಲು, ಒಂದು ಮರಳಿನ ಕಣ, ಒಂದು ಹತ್ತಿಯ ಎಳೆ ಅಥವಾ ಒಣಗಿದ ಉಪ್ಪಿನ ಹರಳು. ಕೂದಲಿನ ಎರಡೂ ಪಕ್ಕದಲ್ಲಿ ಕಣ್ಣಿಗೆ ಕಾಣದ ಕಿರುಗಾಲುವೆ ಉಂಟಾಗುತ್ತದೆ. ನೀರಿಗೆ ಅಷ್ಟು ದಾರಿ ಸಾಕು.

ಸೋರುವುದು ಹೊಸ ತೊಂದರೆಯಲ್ಲ. 1856ರಲ್ಲಿ ಇಂಗ್ಲೆಂಡಿನ ವೇಮತ್ ಬಳಿ ವಿಲಿಯಂ ಥಾಮ್ಸನ್ ಎಂಬವರು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಇಳಿಬಿಟ್ಟರು. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಮಸುಕಾದ ಚಿತ್ರವೊಂದು ಮೂಡಿತು. ಕಡಲೊಳಗಿನ ಮೊದಲ ಛಾಯಾಚಿತ್ರ ಎಂದು ಹೇಳುವುದು ಅದನ್ನೇ! 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾಂ ತಮ್ಮ ಕ್ಯಾಮೆರಾ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬಲೂನೊಂದನ್ನು ಜೋಡಿಸಿದರು. ಆಳದಲ್ಲಿ ನೀರು ಬಲೂನನ್ನು ಹಿಂಡಿದಾಗ ಅದರ ಗಾಳಿ ಪೆಟ್ಟಿಗೆಯೊಳಗೆ ಸೇರಿ, ಒಳಗಿನ ಮತ್ತು ಹೊರಗಿನ ಒತ್ತಡ ಸಮವಾಗುವ ಉಪಾಯ ಅದು.

ಮನೆಯ ಮೇಜಿನ ಮೇಲೆ

ಸೋರಿಕೆ ತಡೆಯುವ ಕೆಲಸ ಮುಗಿಯಬೇಕಾದ್ದು ಕಡಲಿನಲ್ಲಲ್ಲ, ಹಿಂದಿನ ರಾತ್ರಿ ಮನೆಯಲ್ಲಿ ಅಥವಾ ತಂಗಿದ ಕೋಣೆಯಲ್ಲಿ. ದೋಣಿ ಓಲಾಡುವಾಗ, ತಲೆಯಿಂದ ನೀರು ತೊಟ್ಟಿಕ್ಕುವಾಗ ಇದನ್ನು ಮಾಡಲಾಗದು. ನಾವು ಅನುಸರಿಸುವ ಕ್ರಮ ಹೀಗಿದೆ:

1. ಮೇಜು ಒರೆಸಿ, ತಿಳಿ ಬಣ್ಣದ ಬಟ್ಟೆ ಹಾಸಿ. ಫ್ಯಾನ್ ನಿಲ್ಲಿಸಿ. ಕೈ ತೊಳೆದು ಒರೆಸಿಕೊಳ್ಳಿ. ಟಾರ್ಚ್ ಮತ್ತು ಭೂತಗನ್ನಡಿ ಹತ್ತಿರವಿರಲಿ.

2. ಉಂಗುರವನ್ನು ಬೆರಳಿನಿಂದ ಒಂದು ಕಡೆ ತಳ್ಳಿ, ಉಬ್ಬಿದ ಜಾಗದಲ್ಲಿ ಎತ್ತಿ ತೆಗೆಯಿರಿ. ಪಿನ್ನು, ಚಾಕು, ಸೂಜಿ ಬೇಡವೇ ಬೇಡ. ಅವಧಿ ಮುಗಿದ ಎಟಿಎಂ ಕಾರ್ಡಿನ ಮೊಂಡು ಮೂಲೆ ಸಾಕು.

3. ಕಣ್ಣು ಮುಚ್ಚಿ ಉಂಗುರವನ್ನು ಎರಡು ಬೆರಳುಗಳ ನಡುವೆ ನಿಧಾನವಾಗಿ ಸರಿಸಿ. ಕಣ್ಣಿಗೆ ಕಾಣದ ಮರಳು, ಸಣ್ಣ ಕಚ್ಚು ಬೆರಳಿಗೆ ಸಿಗುತ್ತದೆ. ಕಚ್ಚು, ಬಿರುಕು, ಚಪ್ಪಟೆಯಾದ ಭಾಗ ಸಿಕ್ಕರೆ ಆ ಉಂಗುರಕ್ಕೆ ನಿವೃತ್ತಿ ಕೊಡಿ.

4. ತೋಡನ್ನೂ, ಬಾಗಿಲಿನಲ್ಲಿ ಉಂಗುರ ಒತ್ತುವ ಜಾಗವನ್ನೂ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಹತ್ತಿಯ ಕಡ್ಡಿ ಬಳಸಿದರೆ ಅದರ ಎಳೆ ಉಳಿದಿದೆಯೇ ನೋಡಿ.

5. ಹೌಸಿಂಗ್ ಜತೆ ಕೊಟ್ಟ ಗ್ರೀಸನ್ನು ಎಳ್ಳುಕಾಳಿನಷ್ಟು ತೆಗೆದುಕೊಂಡು ಉಂಗುರ ಹೊಳೆಯುವಷ್ಟು ಮಾತ್ರ ಸವರಿ. ನೀರು ತಡೆಯುವುದು ಗ್ರೀಸ್ ಅಲ್ಲ, ರಬ್ಬರ್. ಉಂಗುರ ಜಾರಿ ತನ್ನ ಜಾಗದಲ್ಲಿ ಸರಿಯಾಗಿ ಕೂರಲಿ ಎಂದಷ್ಟೇ ಗ್ರೀಸ್. ಹೆಚ್ಚು ಬಳಿದರೆ ಧೂಳು, ಕೂದಲನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಸಿಲಿಕೋನ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಊದಿಕೊಳ್ಳಬಹುದು. ಆದ್ದರಿಂದ ತಯಾರಕರು ಹೇಳಿದ ಗ್ರೀಸ್ ಮಾತ್ರ.

6. ಉಂಗುರವನ್ನು ತಿರುಚದೆ ಕೂರಿಸಿ. ಬಾಗಿಲು ಮುಚ್ಚುವಾಗ ಕ್ಯಾಮೆರಾದ ದಾರ ಅಥವಾ ತೇವ ಹೀರುವ ಪೊಟ್ಟಣದ ಅಂಚು ಸಿಕ್ಕಿಕೊಳ್ಳದಂತೆ ನೋಡಿ. ಮುಚ್ಚಿದ ಮೇಲೆ ಸುತ್ತಲೂ ಟಾರ್ಚ್ ಬಿಡಿ. ಪಾರದರ್ಶಕ ಹೌಸಿಂಗ್ ಆದರೆ ಉಂಗುರ ಒತ್ತಿಕೊಂಡಿರುವುದು ಒಂದೇ ಸಮನಾದ ಗೆರೆಯಾಗಿ ಕಾಣುತ್ತದೆ. ಗೆರೆ ಎಲ್ಲಾದರೂ ತುಂಡಾದರೆ ಮತ್ತೆ ಮೊದಲಿನಿಂದ.

7. ಎಲ್ಲ ಮುಗಿದ ಮೇಲೆ ಇನ್ನೊಬ್ಬರು ನೋಡಬೇಕು. ನಮ್ಮ ಮನೆಯಲ್ಲಿ ಈ ಎರಡನೇ ರುಜು ಮೊಮ್ಮಗಳದು. ಎಂಟು ವರ್ಷದ ಕಣ್ಣಿಗೆ ಕಾಣುವ ಕೂದಲು ಎಪ್ಪತ್ತು ದಾಟಿದ ಕಣ್ಣಿಗೆ ಎಲ್ಲಿ ಕಾಣಬೇಕು?

ಬಕೆಟ್ ಪರೀಕ್ಷೆ, ಗಾಳಿ ಪರೀಕ್ಷೆ

ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಾರಲ್ಲ, ಅದೇ ಉಪಾಯ ಇಲ್ಲಿಯೂ. ಮೊದಲು ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಕಾಗದ ಹಾಸಿ ಹೌಸಿಂಗ್ ಮುಚ್ಚಿ. ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ. ಗುಂಡಿಯ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ಒಂದೆರಡು ಗುಳ್ಳೆಯಾಗಿ ಹೊರಬರುವುದು ಸಹಜ. ಒಂದೇ ಜಾಗದಿಂದ ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಅಲ್ಲಿ ದಾರಿಯಿದೆ ಎಂದರ್ಥ. ಹೊಸ ಹೌಸಿಂಗ್ ಅಥವಾ ರಿಪೇರಿಯಾಗಿ ಬಂದ ಹೌಸಿಂಗ್ ಆದರೆ ಮೊದಲ ಡೈವ್‌ಗೂ ಖಾಲಿ ಪೆಟ್ಟಿಗೆಯನ್ನೇ ಒಯ್ಯುವುದು ಜಾಣತನ. ಬಕೆಟ್‌ನಲ್ಲಿ ಮೂರು ಮೂಟೆಯ ಭಾರ ಇರುವುದಿಲ್ಲವಲ್ಲ.

ಇನ್ನೂ ಒಳ್ಳೆಯದು ಗಾಳಿ ಎಳೆಯುವ ಪರೀಕ್ಷೆ. ಇದನ್ನು ಬೆಂಗಳೂರಿನವರಿಗೆ ಸುಲಭವಾಗಿ ವಿವರಿಸಬಹುದು. ನಮ್ಮ ಊರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಇಲ್ಲಿ ಖಾಲಿ ನೀರಿನ ಬಾಟಲಿಯ ಮುಚ್ಚಳ ಬಿಗಿದು ಘಟ್ಟ ಇಳಿದರೆ ಮಂಗಳೂರು ತಲುಪುವಷ್ಟರಲ್ಲಿ ಅದು ಸೊಟ್ಟಗಾಗಿರುತ್ತದೆ. ಇಲ್ಲಿ ಮುಚ್ಚಿದ ಹೌಸಿಂಗನ್ನು ಕಡಲತೀರಕ್ಕೆ ಒಯ್ದರೆ ನಮ್ಮ ಲೆಕ್ಕದ ಬಾಗಿಲನ್ನು ಹೊರಗಿನ ಗಾಳಿಯೇ ಸುಮಾರು 15 ಕೆ.ಜಿ. ಬಲದಿಂದ ಒತ್ತಿ ಹಿಡಿಯುತ್ತದೆ. ವ್ಯಾಕ್ಯೂಮ್ ಪಂಪ್ ಮಾಡುವುದೂ ಇದನ್ನೇ, ಇನ್ನೂ ಜೋರಾಗಿ. ಹೌಸಿಂಗ್‌ನ ರಂಧ್ರಕ್ಕೆ ಕೈಪಂಪ್ ಜೋಡಿಸಿ ಒಳಗಿನ ಗಾಳಿಯನ್ನು ಸ್ವಲ್ಪ ಎಳೆದುಬಿಡುತ್ತಾರೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಒತ್ತಡ ಹಾಗೆಯೇ ಇದ್ದರೆ ಪೆಟ್ಟಿಗೆ ಗಟ್ಟಿ. ಏರಿದ್ದರೆ ಎಲ್ಲೋ ಸಂದಿದೆ. ನೀರು ಮುಟ್ಟಿಸದೆಯೇ ಉತ್ತರ ಸಿಕ್ಕಿತು! ಕೆಲವು ಹೌಸಿಂಗ್‌ಗಳಲ್ಲಿ ಸೋರಿಕೆಯ ಎಚ್ಚರಿಕೆ ದೀಪವೂ ಇರುತ್ತದೆ. ತಳದಲ್ಲಿ ಹತ್ತಿರ ಹತ್ತಿರ ಎರಡು ತಂತಿ. ಉಪ್ಪುನೀರಿನ ಹನಿ ಎರಡನ್ನೂ ಮುಟ್ಟಿದರೆ ವಿದ್ಯುತ್ ಹರಿದು ದೀಪ ಮಿನುಗುತ್ತದೆ.

ಒಂದು ಮಾತು: ಒಳಗೆ ಕಂಡ ತೇವವೆಲ್ಲ ಸೋರಿಕೆಯಲ್ಲ. ಕರಾವಳಿಯ ಸೆಕೆಯಲ್ಲಿ ಪೆಟ್ಟಿಗೆ ಮುಚ್ಚಿದರೆ ತೇವದ ಗಾಳಿ ಒಳಗೇ ಉಳಿಯುತ್ತದೆ. ನೀರಿನ ತಂಪಿಗೆ ಅದು ಗಾಜಿನ ಮೇಲೆ ಮಂಜಾಗುತ್ತದೆ, ತಣ್ಣೀರಿನ ಲೋಟದ ಹೊರಗೆ ಬೆವರು ಮೂಡಿದಂತೆ. ಗಾಜಿಗೆ ತೆಳುವಾಗಿ ಹರಡಿದ್ದರೆ ಮಂಜು. ತಳದಲ್ಲಿ ಹನಿ ಓಡಾಡುತ್ತಿದ್ದರೆ ಸೋರಿಕೆ. ಒಣ, ತಂಪು ಕೋಣೆಯಲ್ಲಿ ಮುಚ್ಚುವುದು, ತೇವ ಹೀರುವ ಪೊಟ್ಟಣ ಇಡುವುದು ಮಂಜಿಗೆ ಮದ್ದು.

ನೇತ್ರಾಣಿಯ ನೀರಿನಲ್ಲಿ

ಕನ್ನಡನಾಡಿನಲ್ಲಿ ಡೈವಿಂಗ್ ಎಂದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಉತ್ತರ ಕನ್ನಡದ ತೀರದಿಂದ ಸುಮಾರು 19 ಕಿ.ಮೀ. ದೂರ. ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಕಡಲು ಶಾಂತವಾದ ಮೇಲೆ ದೋಣಿಗಳು ಹೊರಡುತ್ತವೆ. ಮೊದಲ ಸಲ ಇಳಿಯುವವರು ಬೋಧಕರ ಜತೆಗೇ ಇಳಿಯಬೇಕು. ಅವರು ಕ್ಯಾಮೆರಾ ಹಿಡಿಯದಿರುವುದೇ ಲೇಸು. ಉಸಿರಾಟ ಕಲಿಯುವುದೇ ಆಗ ಸಾಕಷ್ಟು ಕೆಲಸ.

ಕ್ಯಾಮೆರಾ ಒಯ್ಯುವವರು ಅದನ್ನು ಹಿಡಿದುಕೊಂಡು ನೀರಿಗೆ ಹಾರಬಾರದು. ತಾವು ಮೊದಲು ಇಳಿದು, ದೋಣಿಯಲ್ಲಿರುವವರಿಂದ ಕೈಗೆ ತೆಗೆದುಕೊಳ್ಳಬೇಕು. ಒಂದು ಮೀಟರ್ ಆಳದಲ್ಲಿ ನಿಂತು ಒಂದು ನಿಮಿಷ ಪೆಟ್ಟಿಗೆಯನ್ನು ತಿರುಗಿಸಿ ನೋಡಬೇಕು. ಗುಳ್ಳೆಯ ಸಾಲು ಅಥವಾ ಒಳಗೆ ಹನಿ ಕಂಡರೆ ಕೂಡಲೇ ಮೇಲೆ ಕೊಟ್ಟುಬಿಡಬೇಕು.

ಆಳದಲ್ಲಿ ಕಂಡರೆ? ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡಬೇಕಾದರೆ ಅದು ಇದು. ಸ್ಕೂಬಾದ ಮೊದಲ ಪಾಠ ‘ಉಸಿರು ಕಟ್ಟಬೇಡಿ’. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬಂದಾಗ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶವೇ ಹರಿದು ಪ್ರಾಣಕ್ಕೆ ಅಪಾಯ. ನಮ್ಮ ಅಳಿಯನಿಗೆ ಒಮ್ಮೆ ಹೀಗಾಯಿತು. ಹನ್ನೆರಡು ಮೀಟರ್‌ನಲ್ಲಿದ್ದಾಗ ಪೆಟ್ಟಿಗೆಯೊಳಗೆ ನೀರು ಕಂಡಿತು. ಜತೆಗಿದ್ದವನಿಗೆ ಸನ್ನೆ ಮಾಡಿ, ಎಂದಿನ ನಿಧಾನದಲ್ಲೇ, ನಡುವೆ ನಿಲ್ಲಬೇಕಾದಲ್ಲಿ ನಿಂತು ಮೇಲೆ ಬಂದ. ಅಷ್ಟರಲ್ಲಿ ಕ್ಯಾಮೆರಾ ಮುಳುಗಿಹೋಗಿತ್ತು. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬಾರದು ಎಂದು ಹಲವು ಕಡೆ ಕಲಿಸುತ್ತಾರೆ. ಆ ವೇಗವನ್ನು ಕ್ಯಾಮೆರಾದ ಸಲುವಾಗಿ ಮುರಿಯಲಿಲ್ಲ ಎಂಬುದೇ ನನ್ನ ಮಗಳಿಗೂ ನನಗೂ ನೆಮ್ಮದಿ. ಮಗಳು ಕ್ಯಾಮೆರಾದ ಬೆಲೆ ಕೇಳಲೇ ಇಲ್ಲ.

ನೀರು ನುಗ್ಗಿದ ಮೇಲೆ

ದೋಣಿಗೆ ಬಂದ ಮೇಲೆ ಪೆಟ್ಟಿಗೆಯ ಹೊರಗನ್ನು ಒರೆಸಿ, ನೀರು ಕ್ಯಾಮೆರಾದಿಂದ ದೂರ ನಿಲ್ಲುವಂತೆ ಹಿಡಿದುಕೊಳ್ಳಿ. ಆಳದಲ್ಲಿ ಒಳನುಗ್ಗಿದ ನೀರು ಒಳಗಿನ ಗಾಳಿಯನ್ನು ಹಿಂಡಿರುತ್ತದೆ. ಬ್ಯಾಟರಿಗೆ ಉಪ್ಪುನೀರು ತಗುಲಿದರೆ ಅನಿಲವೂ ಹುಟ್ಟಬಹುದು. ಆದ್ದರಿಂದ ಮುಖದಿಂದ ದೂರ ಹಿಡಿದು ಮೆಲ್ಲಗೆ ತೆರೆಯಿರಿ. ಇದು ಮಕ್ಕಳ ಕೆಲಸವಲ್ಲ.

ಕ್ಯಾಮೆರಾ ಆನ್ ಮಾಡಿ ನೋಡುವ ಆಸೆ ಬೇಡ. ಮೊದಲು ಬ್ಯಾಟರಿ ತೆಗೆಯಿರಿ. ನೆನೆದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು. ಮನೆಯ ಕಸಕ್ಕೂ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ. ಮೆಮೊರಿ ಕಾರ್ಡ್ ತೆಗೆದು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಷ್ಟೋ ಸಲ ಚಿತ್ರಗಳು ಉಳಿದುಕೊಳ್ಳುತ್ತವೆ. ಕ್ಯಾಮೆರಾವನ್ನು ಕೆಡಿಸುವುದು ನೀರಿಗಿಂತ ಉಪ್ಪು. ಬ್ಯಾಟರಿ ತೆಗೆದ ಮೇಲೆ ಸಿಹಿನೀರಿನಲ್ಲಿ ಜಾಲಿಸಿ ಬೇಗನೆ ರಿಪೇರಿಯವರಿಗೆ ಒಯ್ಯುವುದು ಉಳಿದಿರುವ ದಾರಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಉಪ್ಪು ಹೋಗುವುದಿಲ್ಲ. ಅಕ್ಕಿಯ ಹಿಟ್ಟು ಮಾತ್ರ ಸಂದಿಗೆ ಸೇರುತ್ತದೆ.

ಹೌಸಿಂಗ್ ಮಾತ್ರ ಹೆಚ್ಚಾಗಿ ಬದುಕುತ್ತದೆ. ಕಾರಣ ಹುಡುಕಿ. ಅಳಿಯನ ಪೆಟ್ಟಿಗೆಯ ಉಂಗುರದ ಮೇಲೆ ಅರ್ಧ ಇಂಚಿನ ಕೂದಲು ಅಡ್ಡ ಬಿದ್ದಿತ್ತು. ದೋಣಿಯಲ್ಲಿ ಯಾರಿಗೋ ತೋರಿಸಲೆಂದು ಬಾಗಿಲು ತೆರೆದು ಮುಚ್ಚಿದಾಗ ಸೇರಿಕೊಂಡದ್ದು. ಉಂಗುರ ಶುಭ್ರವಾಗಿದ್ದರೂ ಸೋರಿದರೆ ಟಿಶ್ಯೂ ಕಾಗದವನ್ನು ಮೂಲೆಮೂಲೆಗೂ ಅಂಟಿಸಿ ಮತ್ತೆ ಬಕೆಟ್‌ನಲ್ಲಿಡಿ. ಮೊದಲು ನೆನೆದ ತುಂಡು ದಾರಿ ತೋರಿಸುತ್ತದೆ. ಮುಖ್ಯ ಉಂಗುರವನ್ನು ನಾವೇ ಬದಲಿಸಬಹುದು. ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಗುಂಡಿಗಳ ಒಳಗಿನ ಉಂಗುರ, ಬಿರುಕುಬಿಟ್ಟ ಮೈ ಇವು ತಿಳಿದವರ ಕೆಲಸ. ಫೆವಿಕ್ವಿಕ್, ಎಂ-ಸೀಲ್ ಹಚ್ಚಿ ನೀರಿಗಿಳಿಸುವ ಸಾಹಸ ಬೇಡ. ಸೊಳ್ಳೆಗೆ ಮೈಗೆ ಹಚ್ಚುವ ಮುಲಾಮು, ಪೆಟ್ರೋಲ್, ಥಿನ್ನರ್ ಸಹ ಆ ಪ್ಲಾಸ್ಟಿಕ್ಕಿಗೆ ಶತ್ರುಗಳು.

ಡೈವ್ ಮುಗಿದ ಮೇಲೆ ಉಪ್ಪು ಒಣಗುವ ಮೊದಲೇ ಮುಚ್ಚಿದ ಹೌಸಿಂಗನ್ನು ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗುಂಡಿಗಳನ್ನೆಲ್ಲ ಒತ್ತಿ. ನೆರಳಲ್ಲಿ ಒಣಗಿಸಿ. ತಿಂಗಳುಗಟ್ಟಲೆ ಎತ್ತಿಡುವಾಗ ಉಂಗುರ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿಡಿ. ಅಂಡಮಾನ್‌ಗೆ ವಿಮಾನದಲ್ಲಿ ಹೋಗುವಾಗಲೂ ಉಂಗುರ ತೆಗೆದಿರಲಿ. ಇಲ್ಲದಿದ್ದರೆ ಒತ್ತಡದ ವ್ಯತ್ಯಾಸಕ್ಕೆ ಬಾಗಿಲು ತೆರೆಯಲು ಬಾರದಷ್ಟು ಕಚ್ಚಿಕೊಳ್ಳಬಹುದು.

ಡೈವಿಂಗ್ ಮಾಡದವರಿಗೂ ಇದರಲ್ಲಿ ಪಾಲಿದೆ. ಫೋನ್ ಡಬ್ಬಿಯ ಮೇಲಿನ ‘ಐಪಿ68’ ಎಂಬುದು ಹೊಸ ಫೋನನ್ನು ಸಿಹಿನೀರಿನಲ್ಲಿ, ತಯಾರಕರು ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ಪರೀಕ್ಷಿಸಿದ ಗುರುತು. ಉಪ್ಪಿನ ಅಲೆಗೆ ಅದು ಅನ್ವಯಿಸದು. ಕಡಲತೀರದಲ್ಲಿ ಪ್ಲಾಸ್ಟಿಕ್ ಚೀಲ ಬಳಸುವುದಾದರೆ ಮೊದಲು ಟಿಶ್ಯೂ ಇಟ್ಟು ಬಕೆಟ್ ಪರೀಕ್ಷೆ ಮಾಡಿ.

ಮಾಡಿ ನೋಡಿ

ಮಕ್ಕಳೇ, ಇದು ನಿಮಗೆ. ಮುಚ್ಚಳದೊಳಗೆ ರಬ್ಬರ್ ಅಥವಾ ಸಿಲಿಕೋನ್ ಉಂಗುರವಿರುವ, ಕ್ಲಿಪ್ ಹಾಕುವ ಊಟದ ಡಬ್ಬಿ ತೆಗೆದುಕೊಳ್ಳಿ. ಬಕೆಟ್ ನೀರಿಗೆ ಸ್ವಲ್ಪ ಶಾಯಿ ಬೆರೆಸಿ. ಡಬ್ಬಿಯೊಳಗೆ ಟಿಶ್ಯೂ ಕಾಗದವನ್ನೂ, ಮುಳುಗುವಷ್ಟು ಭಾರದ ಒಣ ಕಲ್ಲನ್ನೂ ಇಟ್ಟು ಮುಚ್ಚಿ, 15 ನಿಮಿಷ ಮುಳುಗಿಸಿಡಿ. ತೆಗೆದು, ಹೊರಗೆ ಒರೆಸಿ, ತೆರೆದು ನೋಡಿ. ಎರಡನೇ ಸಲ ಉಂಗುರದ ಮೇಲೆ ಅಡ್ಡಲಾಗಿ ಒಂದು ದಾರದ ಎಳೆ ಇಟ್ಟು ಮುಚ್ಚಿ. ಮೂರನೇ ಸಲ ದಾರದ ಬದಲು ತಲೆಗೂದಲು. ಪ್ರತಿ ಸಲವೂ ಕಾಗದದಲ್ಲಿ ಶಾಯಿಯ ಕಲೆ ಎಲ್ಲಿಂದ ಶುರುವಾಗಿದೆ, ಎಷ್ಟು ಅಗಲವಿದೆ ಎಂದು ಅಳೆಯಿರಿ. ದಿನಾಂಕ, ಹೊತ್ತು, ಅಳತೆ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರಿಂದ ಪರಿಶೀಲಿಸಿ ರುಜು ಹಾಕಿಸಿ.